ಬಣ್ಣ ಏರದ ಗುಳಿ

ಹೆಸರು ಕೆರೆದು ತೆಗೆಯುವುದು ನನ್ನ ದಿನದ ಮೊದಲ ಕೆಲಸ.
ಕಿಲಿಫಿ ಕೊಲ್ಲಿಯ ಉಪ್ಪುಗಾಳಿ
ಚೀಟಿಯ ಅಂಟನ್ನು ಆಗಲೇ ಸಡಿಲಿಸಿರುತ್ತದೆ,
ಉಗುರು ಸಾಕು.
ಬಸುರಿಯರ ಕೊಳವೆಗಳಲ್ಲಿ, ಸಿಫಿಲಿಸ್ ಪರೀಕ್ಷೆಗೆ ಬೇಕಾದಷ್ಟು
ಹೀರಿಕೊಂಡ ಮೇಲೂ ಒಂದಿಷ್ಟು ಉಳಿಯುತ್ತದೆ.
ಚೆಲ್ಲಬೇಕಾದ ಆ ಒಂದಿಷ್ಟು ನನ್ನ ಪಾಲು.

ಇಟ್ಟುಕೊಳ್ಳಬಹುದಾದ ಮಾತು ಮೂರೇ:
ವಯಸ್ಸು, ತಿಂಗಳು, ಊರು ಯಾವ ದಿಕ್ಕಿಗೆ.
ಯಾರ ಮಗಳು, ಎಷ್ಟನೆಯ ಬಸಿರು, ಗಂಡ ಮನೆಯಲ್ಲಿದ್ದಾನೋ ಇಲ್ಲವೋ
ಕೇಳುವಂತಿಲ್ಲ, ಸಹಿ ಹಾಕಿ ಕೊಟ್ಟಿದ್ದೇನೆ.

ತೊಂಬತ್ತಾರು ಗುಳಿಗಳ ತಟ್ಟೆ.
ನಮ್ಮ ಬಾವೊ ಮಣೆಯಂಥದೇ,
ಮುದುಕರು ಮಾವಿನ ನೆರಳಲ್ಲಿ ಕಾಯಿ ಬಿತ್ತುತ್ತ
ಸಂಜೆ ಮಾಡುತ್ತಾರಲ್ಲ, ಅದು.
ಇಲ್ಲಿ ಕಾಯಿ ಕಣ್ಣಿಗೆ ಕಾಣದು.
ಹನಿಸು, ಕಾಯಿ, ತೊಳೆ, ಹನಿಸು, ಮತ್ತೆ ತೊಳೆ.
ಕೊನೆಯ ಹನಿಗೆ ನೀಲಿ ಹಬ್ಬುತ್ತದೆ,
ಆಮ್ಲ ಬಿದ್ದೊಡನೆ ಹಳದಿ,
ಮಾಗಿದ ಗೇರುಹಣ್ಣಿನ ಹಳದಿ.

ಹಳದಿ ಅಂದರೆ, ಈಕೆಗೆ ಎಂದೋ ಬಂದು ಹೋಗಿದೆ ರುಬೆಲ್ಲಾ,
ಇಲ್ಲವೆ ಸಣ್ಣವಳಿದ್ದಾಗ ಸೂಜಿ ಬಿದ್ದಿದೆ.
ಅವಳು ಮರೆತಿರಬಹುದು, ಮೈ ಮರೆತಿಲ್ಲ.
ಬೇರೆ ರೋಗದ ತಟ್ಟೆಯಲ್ಲಿ ಬಣ್ಣ ಕಂಡರೆ ಎದೆ ಧಸಕ್ಕೆನ್ನುತ್ತದೆ.
ಇದರಲ್ಲಿ, ಕಾಣದಿದ್ದರೆ.

ನನ್ನ ಅಮ್ಮ ಜುಮ್ವಾಗೆ ಬಂದದ್ದು ಮೂರೇ ದಿನದ ದದ್ದು.
"ಅದೊಂದು ಜ್ವರವೇ? ಕತ್ತಾಳೆ ತೋಟದ ಕೂಲಿ ಒಂದು ದಿನವೂ ತಪ್ಪಿಸಲಿಲ್ಲ"
ಅನ್ನುತ್ತಾಳೆ ಈಗಲೂ, ಹೆಮ್ಮೆಯಿಂದ.
ಆಗ ಹೊಟ್ಟೆಯಲ್ಲಿ ಎರಡು ತಿಂಗಳ ನ್ಗಾಲಾ.
ಹುಟ್ಟಿದ ಮೇಲೆ ಬಾಗಿಲು ಬಡಿದರೂ ಬೆಚ್ಚಲಿಲ್ಲ.
ಒಂದು ಕಣ್ಣಿನ ಪಾಪೆಯ ಮೇಲೆ
ತೆಂಗಿನ ಹಾಲಿನ ಹನಿ ಬಿದ್ದ ಹಾಗೆ ಬಿಳಿ.
ಸತ್ತ ಅಜ್ಜಿಯ ಮುನಿಸು ಅಂದರು, ಯಾರದೋ ದೃಷ್ಟಿ ಅಂದರು,
ಅಮ್ಮ ಕರಿಕೋಳಿ ಕೊಟ್ಟಳು, ಆಮೇಲೆ ಮೇಕೆ.
ಮೂರು ದಿನದ ದದ್ದಿನ ಬಗ್ಗೆ ಯಾರೂ ಕೇಳಲಿಲ್ಲ.

ಇವತ್ತು, ಕೊನೆಯ ಸಾಲಿನ ಏಳನೆಯ ಗುಳಿ
ತೊಳೆದಿಟ್ಟ ಲೋಟದ ಹಾಗೆ.
ಕೈ ತಪ್ಪಿತೇನೋ ಎಂದು ಮತ್ತೆ ಮಾಡಿದೆ. ಹಾಗೇ.
ಹತ್ತೊಂಬತ್ತು ವರ್ಷ, ಎರಡು ತುಂಬಿ ಮೂರು, ಕೊಲ್ಲಿಯ ಆಚೆ ದಡ.
ನೈರೋಬಿಗೆ ಹೋಗುವ ವರದಿಯಲ್ಲಿ ಅವಳು
ಬಿಂದುವಿನ ಬಲಗಡೆಯ ಒಂದು ಅಂಕಿ.
ಕಸದ ಬುಟ್ಟಿಯಲ್ಲಿ ಸುರುಳಿ ಸುತ್ತಿದ ಚೀಟಿಗಳು.
ಬಗ್ಗಿದೆ. ಬಗ್ಗಿದವಳು ಹಾಗೇ ಎದ್ದೆ.

ಹೊರಗೆ ಬೆಂಚಿನ ಮೇಲೆ ಲೆಸೊ ಹೊದ್ದ ಹನ್ನೊಂದು ಜನ.
ಒಬ್ಬಳು ಹಸಿಮಾವಿಗೆ ಉಪ್ಪುಖಾರ ಒತ್ತುತ್ತಿದ್ದಾಳೆ.
ಒಬ್ಬಳ ಮಡಿಲಲ್ಲಿ ಅಕ್ಕನ ಮಗು, ಕೆನ್ನೆಯ ಮೇಲೆ ಕೆಂಪು ಚುಕ್ಕೆ.
ಸೊಳ್ಳೆಯದಿರಬಹುದು.
ಸೊಳ್ಳೆಯದೇ ಇರಬೇಕು.

ದಾದಿ ನ್ಯೇವುಗೆ ಹೇಳಿದೆ, ಒಬ್ಬಳಿದ್ದಾಳೆ, ಯಾರೆಂದು ಗೊತ್ತಿಲ್ಲ.
"ಹಾಗಾದರೆ ಎಲ್ಲರಿಗೂ ಹೇಳಬೇಕಾಯಿತು,
ನನಗೆ ಬೇರೆ ಕೆಲಸವಿಲ್ಲ ನೋಡು"
ಗೊಣಗುತ್ತಲೇ ಬೆಂಚಿನ ಈ ತುದಿಯಿಂದ ಶುರು ಮಾಡಿದಳು:
ದದ್ದೆದ್ದ ಮಕ್ಕಳಿಂದ ದೂರ ಇರಿ,
ಹೆರಿಗೆಯಾದ ಮೇಲೆ ಮರೆಯದೆ ಸೂಜಿಗೆ ಬನ್ನಿ.
ಆರನೆಯವಳು ನಕ್ಕಳು,
"ಅಳುವ ಮಗುವನ್ನು ಎತ್ತಿಕೊಳ್ಳದೆ ಹೇಗಿರುವುದು, ನೀನೇ ಹೇಳು."
ನ್ಯೇವು ಏಳನೆಯವಳ ಕಡೆ ತಿರುಗಿದಳು.

ಒಳಗೆ ನ್ಗಾಲಾ ನೆಲ ಒರೆಸುತ್ತಿದ್ದ.
ಇಲ್ಲೇ ಅವನಿಗೆ ದಿನಗೂಲಿ, ಆರು ವರ್ಷವಾಯಿತು.
ಹೊಸ ಕೊಳವೆಗಳನ್ನಿಟ್ಟು ಯಂತ್ರ ತಿರುಗಿಸಿದೆ.
ಬಕೆಟ್ಟು ಬಿಟ್ಟು ಬಂದ, ಮೇಜಿನ ಮೇಲೆ ಅಂಗೈ ಇಟ್ಟ,
ತಲೆ ಅಲ್ಲಾಡಿಸಿದ.
ನಿಲ್ಲಿಸಿ ನೋಡಿದರೆ ಹನ್ನೊಂದೇ ಇಟ್ಟಿದ್ದೇನೆ,
ಒಂದರ ಎದುರು ಜೊತೆಯಿಲ್ಲ.
ನನ್ನ ಕಿವಿಗೆ ಬೀಳದ ಆ ವಾಲು
ಅವನ ಅಂಗೈಗೆ ಯಾವಾಗಲೂ ಮೊದಲೇ ಬೀಳುತ್ತದೆ.

ಖಾಲಿ ಕೊಳವೆಗೆ ಅವನೇ ನೀರು ತುಂಬಿದ,
ಬೆಳಕಿಗೆ ಹಿಡಿದು ಅಳತೆ ನೋಡಿ ಮುಚ್ಚಳ ಒತ್ತಿದ.
ಆಮೇಲೆ ಪೆನ್ನು ಎತ್ತಿಕೊಂಡು, ಸನ್ನೆಯಲ್ಲಿ,
ಇದಕ್ಕೆ ಹೆಸರೇನು ಬರೆಯಲಿ ಎಂದು ಕೇಳಿದ.